ಒಂದು ದೀಪ, ಒಂದು ಕನ್ನಡಿ, ಒಂದು ಕರಿ ಕಂಬಳಿ: ತೊಟ್ಟಿಮನೆಯಲ್ಲಿ ಚಿತ್ರೀಕರಣದ ಬೆಳಕು

ಪ್ರಶ್ನೆ: ಸಾಗರ ತಾಲ್ಲೂಕಿನ ನಮ್ಮ ಹಳೆಯ ತೊಟ್ಟಿಮನೆಯಲ್ಲಿ ಒಂದು ಕಿರುಚಿತ್ರ ತೆಗೆಯಲು ಹೊರಟಿದ್ದೇವೆ. ನಮ್ಮಲ್ಲಿ ಇರುವುದು ಒಂದು ಕ್ಯಾಮೆರಾ ಮತ್ತು 300 ವಾಟ್‌ನ ಒಂದೇ ಒಂದು ಎಲ್‌ಇಡಿ ದೀಪ. ಶಿವಮೊಗ್ಗದಿಂದ ಆರು ದೊಡ್ಡ ದೀಪ, ಜನರೇಟರ್ ಬಾಡಿಗೆಗೆ ತರಿಸದೆ ಕೆಲಸ ಆಗುವುದಿಲ್ಲ ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಥರ್ಮಾಕೋಲ್ ಮತ್ತು ಕನ್ನಡಿ ಸಾಕು ಎಂದು ಇನ್ನೊಬ್ಬ ಹೇಳುತ್ತಾನೆ. ಹಗಲಿನಲ್ಲಿ ನಡುಮನೆಯೊಳಗೆ ಅಜ್ಜಿ–ಮೊಮ್ಮಗಳ ಮಾತುಕತೆ, ಅಡಿಕೆ ತೋಟದಲ್ಲಿ ಒಂದು ದೃಶ್ಯ, ಕರೆಂಟ್ ಹೋದ ರಾತ್ರಿಯ ಒಂದು ದೃಶ್ಯ, ಇವಿಷ್ಟೂ ರಿಫ್ಲೆಕ್ಟರ್‌ಗಳಿಂದ ಸಾಧ್ಯವೇ? ನೋಡಿದವರಿಗೆ ಬಡತನದ ಚಿತ್ರ ಅನ್ನಿಸುವುದಿಲ್ಲವೇ?

ಉತ್ತರ: ಎರಡನೆಯ ಗೆಳೆಯನ ಮಾತು ಕೇಳಿ. ಆದರೆ ಅವರು ಹೇಳದೆ ಬಿಟ್ಟದ್ದು ಒಂದಿದೆ. ದೀಪದಲ್ಲಿ ಉಳಿಸಿದ ಹಣವನ್ನು ರಿಫ್ಲೆಕ್ಟರ್ ಸಮಯದ ರೂಪದಲ್ಲಿಯೂ ಕೈಗಳ ರೂಪದಲ್ಲಿಯೂ ವಸೂಲು ಮಾಡಿಕೊಳ್ಳುತ್ತದೆ. ಅದಕ್ಕೆ ತಯಾರಿದ್ದರೆ ನಿಮ್ಮ ಮೂರು ದೃಶ್ಯಗಳೂ ಸಾಧ್ಯ. ಬಡತನದ ಮಾತಂತೂ ಬೇಡವೇ ಬೇಡ. ಆರು ದೀಪ ಹಚ್ಚಿದ ತೊಟ್ಟಿಮನೆಗಿಂತ ಒಂದೇ ಬೆಳಕನ್ನು ಸರಿಯಾಗಿ ತಿರುಗಿಸಿದ ತೊಟ್ಟಿಮನೆ ತೆರೆಯ ಮೇಲೆ ಹೆಚ್ಚು ನಿಜವಾಗಿ ಕಾಣುತ್ತದೆ. ಅದು ಏಕೆಂದು ಮೊದಲು ಹೇಳುತ್ತೇನೆ, ಏಕೆಂದರೆ ಅದು ತಿಳಿದರೆ ಉಳಿದದ್ದನ್ನು ನೀವೇ ಕಂಡುಕೊಳ್ಳುತ್ತೀರಿ.

ನಿಮ್ಮ ಮನೆಯಲ್ಲಿ ಹಗಲು ಹೊತ್ತು ಬೆಳಕು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ನೋಡಿ. ಮರದ ಸರಳಿನ ಕಿಟಕಿಗಳು ಚಿಕ್ಕವು, ಸೂರು ತಗ್ಗು. ಹೆಚ್ಚಿನ ಬೆಳಕು ಇಳಿಯುವುದು ನಡುವಿನ ತೊಟ್ಟಿಯಿಂದ. ಅಲ್ಲಿಂದ ಅದು ನೆಲಕ್ಕೆ, ಸುಣ್ಣದ ಗೋಡೆಗೆ ಬಡಿದು ಒಳಕ್ಕೆ ಹರಡಿಕೊಳ್ಳುತ್ತದೆ. ನಡುಮನೆಯಲ್ಲಿ ಕುಳಿತ ಅಜ್ಜಿಯ ಒಂದು ಕೆನ್ನೆ ಬೆಳಗುತ್ತದೆ, ಇನ್ನೊಂದು ಮಬ್ಬಾಗಿರುತ್ತದೆ. ಆ ಮನೆಯಲ್ಲಿ ಬೆಳಕಿಗೆ ಇರುವುದು ಒಂದೇ ದಿಕ್ಕು. ಒಳಗೆ ಆರು ದೀಪ ತಂದು ನಿಲ್ಲಿಸಿದರೆ ಆರು ದಿಕ್ಕಿನ ಬೆಳಕು, ಆರು ನೆರಳು. ಆ ನೆರಳುಗಳನ್ನು ಅಳಿಸಲು ಬಟರ್ ಪೇಪರ್, ಬೆಳಕಿಗೆ ಅಡ್ಡ ಹಿಡಿಯುವ ಕಟ್ಟರ್, ಕಪ್ಪು ಬಟ್ಟೆ ಬೇಕು. ಅವುಗಳನ್ನು ಹಿಡಿಯಲು ಸ್ಟ್ಯಾಂಡ್ ಬೇಕು. ಸ್ಟ್ಯಾಂಡ್ ತುಂಬಿದ ನಡುಮನೆಯಲ್ಲಿ ನಟರಿಗೆ ನಡೆಯಲು ಜಾಗ ಇರುವುದಿಲ್ಲ. ಪ್ರೇಕ್ಷಕರಿಗೆ ಏನು ತಪ್ಪಾಗಿದೆ ಎಂದು ಹೇಳಲು ಬಾರದು, ಆದರೂ ಇದು ಮನೆಯಲ್ಲ, ಸೆಟ್ಟು ಎಂದು ಕಣ್ಣಿಗೆ ಗೊತ್ತಾಗಿಬಿಡುತ್ತದೆ. ರಿಫ್ಲೆಕ್ಟರ್ ಹೊಸ ಬೆಳಕನ್ನು ಹುಟ್ಟಿಸುವುದಿಲ್ಲ. ಅಬ್ಬಿ ನೀರನ್ನು ಅಡಿಕೆ ದಬ್ಬೆಯ ಮೇಲೆ ಹಿತ್ತಿಲಿಗೆ ಹಾಯಿಸುವ ಹಾಗೆ, ಇರುವ ಬೆಳಕನ್ನೇ ಬೇಕಾದಲ್ಲಿಗೆ ಹಾಯಿಸುತ್ತದೆ. ಮೂಲ ಒಂದೇ ಆದ್ದರಿಂದ ನೆರಳುಗಳ ನಡುವೆ ಜಗಳ ಕಡಿಮೆ.

ಇದು ಹಣವಿಲ್ಲದವರ ಉಪಾಯವಾಗಿ ಮಾತ್ರ ಬೆಳೆದು ಬಂದದ್ದಲ್ಲ. 1956ರ ‘ಅಪರಾಜಿತೋ’ ಚಿತ್ರಕ್ಕಾಗಿ ಕಾಶಿಯ ಮನೆಯೊಂದನ್ನು ಕಲ್ಕತ್ತೆಯ ಸ್ಟುಡಿಯೊದಲ್ಲಿ ಕಟ್ಟಿದ್ದರು. ನಿಮ್ಮದರಂತೆಯೇ ನಡುವೆ ಅಂಗಳ ತೆರೆದಿರುವ ಮನೆ ಅದು. ಆಕಾಶದಿಂದ ಅಂಗಳಕ್ಕೆ ಇಳಿಯುವ ಮೆತ್ತನೆಯ ಬೆಳಕನ್ನು ನೇರ ದೀಪಗಳಿಂದ ತರುವುದು ಸಾಧ್ಯವಿಲ್ಲ ಎಂದು ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ಸ್ಟುಡಿಯೊ ದೀಪಗಳನ್ನು ಆ ಬಟ್ಟೆಯತ್ತ ತಿರುಗಿಸಿ, ಅಲ್ಲಿಂದ ಮರಳಿ ಬಂದ ಬೆಳಕಿನಲ್ಲಿ ಚಿತ್ರೀಕರಿಸಿದರು. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಇನ್ನೊಂದು ದಾರಿ ಹಿಡಿದರು. ಹೊರಗಿನ ಬಿಸಿಲನ್ನು ಎರಡು ದೊಡ್ಡ ಕನ್ನಡಿಗಳಿಂದ ಸ್ಟುಡಿಯೊದ ಕತ್ತಲೆಯೊಳಗೆ ಕಂಬದಂತೆ ಇಳಿಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಮುಂದೆ ಆಸ್ಟ್ರಿಯಾದ ಛಾಯಾಗ್ರಾಹಕ ಕ್ರಿಸ್ಟಿಯನ್ ಬರ್ಗರ್ ಬೆಳಕಿನ ತಂತ್ರಜ್ಞರ ಜೊತೆ ಸೇರಿ ಸಮಾನಾಂತರ ಕಿರಣದ ಒಂದು ದೀಪ ಮತ್ತು ಬೇರೆ ಬೇರೆ ನುಣುಪಿನ ಹಲವು ಫಲಕಗಳನ್ನೇ ಒಂದು ಪದ್ಧತಿಯಾಗಿ ರೂಪಿಸಿದರು. ಇಂದು ಆ ಫಲಕಗಳು ದುಬಾರಿ ಪೆಟ್ಟಿಗೆಗಳಲ್ಲಿ ಮಾರಾಟಕ್ಕಿವೆ. ನಿಮಗೆ ಬೇಕಾದದ್ದು ಅವುಗಳ ಹಿಂದಿನ ತಿಳಿವಳಿಕೆ. ಪೆಟ್ಟಿಗೆ ಬೇಕಿಲ್ಲ.

ಮಿತ್ರ ಅವರ ಬಟ್ಟೆ ಬೆಳಕನ್ನು ಚೆದರಿಸುತ್ತದೆ, ಮೂರ್ತಿಯವರ ಕನ್ನಡಿ ತಿರುಗಿಸುತ್ತದೆ. ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಕಾಣುವುದನ್ನು ರೂಢಿಸಿಕೊಳ್ಳಿ. ಥರ್ಮಾಕೋಲ್, ಬಿಳಿ ಪಂಚೆ, ಸುಣ್ಣದ ಗೋಡೆ ಬಂದ ಬೆಳಕನ್ನು ಎಲ್ಲ ದಿಕ್ಕಿಗೂ ಹಂಚಿಬಿಡುತ್ತವೆ. ಬೆಳಕು ಮೃದುವಾಗುತ್ತದೆ, ಆದರೆ ದೂರ ಹೋಗುವುದಿಲ್ಲ. ಕನ್ನಡಿ ಬಂದ ಕೋನದಲ್ಲಿಯೇ ಮರಳಿಸುತ್ತದೆ. ಬೆಳಕು ಗಡುಸಾಗಿಯೇ ಉಳಿಯುತ್ತದೆ, ಎಷ್ಟು ದೂರಕ್ಕಾದರೂ ಹೋಗುತ್ತದೆ. ಬೆಳ್ಳಿ ಹಾಳೆ ಅಂಟಿಸಿದ ಹಲಗೆ ಇವೆರಡರ ನಡುವಿನದು. ತೊಟ್ಟಿಮನೆಯಂಥ ಜಾಗದಲ್ಲಿ ಸಾಮಾನ್ಯವಾಗಿ ಎರಡನ್ನೂ ಜೋಡಿಯಾಗಿ ಬಳಸಬೇಕು: ಕನ್ನಡಿ ಬೆಳಕನ್ನು ಒಳಗೆ ತರುತ್ತದೆ, ಥರ್ಮಾಕೋಲ್ ಅದನ್ನು ಮುಖಕ್ಕೆ ತಾಗಿಸುತ್ತದೆ.

ಕನ್ನಡಿಯಿಂದ ಇನ್ನೊಂದು ಲಾಭವಿದೆ. ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ದೀಪ ನಟಿಯಿಂದ 2 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಆಕೆ ಒಂದು ಮೀಟರ್ ಹಿಂದೆ ಸರಿದರೆ ಮುಖದ ಬೆಳಕು ಅರ್ಧಕ್ಕಿಂತ ಕೆಳಗೆ ಬೀಳುತ್ತದೆ, ಏಕೆಂದರೆ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಅದೇ ದೀಪವನ್ನು ಜಗುಲಿಯಲ್ಲಿಟ್ಟು, 6 ಮೀಟರ್ ಆಚೆಯ ಕನ್ನಡಿಗೆ ಬಿಟ್ಟು, ಕನ್ನಡಿಯಿಂದ 2 ಮೀಟರ್ ದೂರದ ನಟಿಗೆ ತಿರುಗಿಸಿ. ಈಗ ಬೆಳಕು ಕ್ರಮಿಸಿದ ದಾರಿ 8 ಮೀಟರ್. ಆಕೆ ಒಂದು ಮೀಟರ್ ಹಿಂದೆ ಸರಿದರೆ ಕಡಿಮೆಯಾಗುವುದು ಸುಮಾರು ಐದನೇ ಒಂದು ಭಾಗ ಮಾತ್ರ. ಚಿಕ್ಕ ನಡುಮನೆಯಲ್ಲಿ ನಟರು ಎದ್ದು ಕುಳಿತು ಓಡಾಡುವಾಗ ಇದು ಎಷ್ಟು ನೆಮ್ಮದಿ ಎಂಬುದು ಮೊದಲ ದಿನವೇ ತಿಳಿಯುತ್ತದೆ. ಬಿಸಿಲಾದರೆ ಕೋಟ್ಯಂತರ ಕಿಲೋಮೀಟರ್ ದೂರದಿಂದ ಬರುವುದರಿಂದ ನಟಿ ಎಲ್ಲಿ ಸರಿದರೂ ಕುಗ್ಗುವುದೇ ಇಲ್ಲ.

ಈಗ ನಡುಮನೆಯ ದೃಶ್ಯಕ್ಕೆ ಬನ್ನಿ. ಜನವರಿ ಅಥವಾ ಫೆಬ್ರವರಿ ಇಟ್ಟುಕೊಳ್ಳಿ. ಬೆಳಗಿನ ಇಬ್ಬನಿ ಕರಗಿದ ಮೇಲೆ ಆಕಾಶ ತಿಳಿಯಾಗಿರುತ್ತದೆ, ಬಿಸಿಲು ನಿಶ್ಚಿತ. ನಿಮ್ಮ ಸಾಗರ ತಾಲ್ಲೂಕು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಆ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬರದೆ ದಕ್ಷಿಣಕ್ಕೆ ವಾಲಿರುತ್ತಾನೆ. ಬಿಸಿಲು ತೊಟ್ಟಿಯ ಉತ್ತರದ ಪಕ್ಕಕ್ಕೆ ಬೀಳುತ್ತದೆ. ಏಪ್ರಿಲ್ ಕೊನೆಯಲ್ಲಾದರೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ತೊಟ್ಟಿಯ ನೆಲವೆಲ್ಲ ಕಣ್ಣು ಕುಕ್ಕುತ್ತದೆ. ಚಿತ್ರೀಕರಣದ ತಿಂಗಳಿನಲ್ಲಿಯೇ ಒಂದು ದಿನ ಮುಂಚಿತವಾಗಿ ಮನೆಯಲ್ಲಿ ಕುಳಿತು, ಬಿಸಿಲಿನ ಚೌಕ ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂದು ಗಂಟೆಗೊಮ್ಮೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಇದಕ್ಕೆ ಮೊಬೈಲ್ ಆ್ಯಪ್‌ಗಳಿವೆ, ಆದರೆ ಎದುರು ಮನೆಯ ಹಲಸಿನ ಮರದ ನೆರಳು ಆ್ಯಪ್‌ಗೆ ಗೊತ್ತಿರುವುದಿಲ್ಲ.

ಬಿಸಿಲಿನ ಆ ಚೌಕದಲ್ಲಿ ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಕನ್ನಡಿಯೊಂದನ್ನು ಸ್ಟೂಲಿನ ಮೇಲೆ ನಿಲ್ಲಿಸಿ. ಕನ್ನಡಿಯನ್ನು ಹಗುರವಾಗಿ ಕಾಣಬೇಡಿ. ತಿಳಿಯಾದ ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. (ಒಟ್ಟು ಬೆಳಕಿನ ಅಳತೆ ಲ್ಯೂಮೆನ್, ಒಂದು ಚದರ ಮೀಟರ್ ಜಾಗಕ್ಕೆ ಅದು ಎಷ್ಟು ಬೀಳುತ್ತದೆ ಎಂಬುದು ಲಕ್ಸ್.) ಓರೆಯಾಗಿ ನಿಂತು ಕಳೆದುಕೊಳ್ಳುವುದನ್ನೂ ಕನ್ನಡಿ ನುಂಗುವುದನ್ನೂ ಕಳೆದರೂ ಆ ಎರಡಡಿಯ ಚೌಕ ಇಪ್ಪತ್ತು ಸಾವಿರ ಲ್ಯೂಮೆನ್‌ಗೂ ಹೆಚ್ಚು ಬೆಳಕನ್ನು ಒಳಗೆ ಕಳಿಸುತ್ತದೆ. ಒಂದು ಕಿಲೋವಾಟ್ ಹ್ಯಾಲೊಜನ್ ಬಲ್ಬು ಸುತ್ತಲೂ ಚೆಲ್ಲುವ ಬೆಳಕೆಲ್ಲ ಸೇರಿದರೆ ಅಷ್ಟಾದೀತು. ಇಲ್ಲಿ ಅದು ಒಂದೇ ಕಡೆಗೆ, ಕರೆಂಟಿಲ್ಲದೆ, ಶಬ್ದವಿಲ್ಲದೆ, ಹಗಲಿನದೇ ಬಣ್ಣದಲ್ಲಿ ಬರುತ್ತದೆ.

ಈ ಬೆಳಕನ್ನು ನೇರವಾಗಿ ಅಜ್ಜಿಯ ಮುಖಕ್ಕೆ ಬಿಡಬಾರದು. ಕಣ್ಣು ಕಿರಿದಾಗುತ್ತದೆ, ಹಣೆ ಬಿಳುಚುತ್ತದೆ. ಹಿಂದೆ ಹೊರಾಂಗಣ ಚಿತ್ರೀಕರಣದಲ್ಲಿ ಬೆಳ್ಳಿ ಹಲಗೆಗಳನ್ನು ನೇರ ಮುಖಕ್ಕೆ ಹಿಡಿಯುತ್ತಿದ್ದ ಕಾಲದ ಚಿತ್ರಗಳಲ್ಲಿ ಆ ಕಣ್ಣು ಕಿರಿದಾಗುವಿಕೆಯನ್ನು ಈಗಲೂ ನೋಡಬಹುದು. ಕನ್ನಡಿಯನ್ನು ಮೇಲ್ಮುಖವಾಗಿ ವಾಲಿಸಿ, ನಡುಮನೆಯ ಅಂಚಿನಲ್ಲಿ ಸೂರಿನ ತೊಲೆಗೆ ಕಟ್ಟಿದ ಥರ್ಮಾಕೋಲ್‌ಗೆ ಬೆಳಕು ಬೀಳುವಂತೆ ಮಾಡಿ. ಅಲ್ಲಿಂದ ಅದು ಕೆಳಗಿಳಿದು ಮುಖಕ್ಕೆ ಬರುತ್ತದೆ, ತೊಟ್ಟಿಯ ಆಕಾಶದಿಂದ ಬಂದಂತೆ, ಅದೇ ದಿಕ್ಕಿನಿಂದ. ಎರಡು ಮೀಟರ್ ದೂರದ ಮುಖದ ಮೇಲೆ ಸಾವಿರ ಲಕ್ಸ್ ಸಿಕ್ಕರೆ ಐಎಸ್‌ಒ 400ರಲ್ಲಿ (ಇದು ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಳತೆ) ಲೆನ್ಸಿನ ತೆರಪನ್ನು ಎಫ್ 5.6ಕ್ಕೆ ಇಟ್ಟುಕೊಳ್ಳಬಹುದು. ನಿಮಗೆ ಬೇಕಾದುದಕ್ಕಿಂತ ಹೆಚ್ಚೇ.

ಇಲ್ಲಿ ಒಂದು ಸೂಕ್ಷ್ಮವಿದೆ, ಹೊಸಬರು ಎಡವುವುದು ಇಲ್ಲಿಯೇ. ನಾಲ್ಕು ಅಡಿಯ ಥರ್ಮಾಕೋಲ್ ಕಟ್ಟಿದ್ದೇವೆ, ಬೆಳಕು ಮೃದುವಾಗಲೇಬೇಕು ಎಂದು ಅವರು ತಿಳಿಯುತ್ತಾರೆ. ಆದರೆ ಚಪ್ಪಟೆ ಕನ್ನಡಿ ಬಿಸಿಲನ್ನು ಹರಡುವುದಿಲ್ಲ. 6 ಮೀಟರ್ ದೂರದಲ್ಲಿಯೂ ಎರಡಡಿಯ ಕನ್ನಡಿ ಬೀರುವುದು ಹೆಚ್ಚುಕಡಿಮೆ ಎರಡಡಿಯ ಚೌಕವನ್ನೇ, ಅಂಚು ಎರಡಿಂಚು ಮಸುಕಾಗಿರುತ್ತದೆ ಅಷ್ಟೇ. ಥರ್ಮಾಕೋಲ್ ಎಷ್ಟೇ ದೊಡ್ಡದಿರಲಿ, ಬೆಳಗುತ್ತಿರುವ ಭಾಗ ಮಾತ್ರ ನಿಮ್ಮ ದೀಪ. ಹಾಳೆಯೆಲ್ಲ ಬೆಳಗಬೇಕಾದರೆ ಎರಡು ಕನ್ನಡಿಗಳನ್ನು ಪಕ್ಕಪಕ್ಕಕ್ಕೆ ಬಿಡಿ, ಇಲ್ಲವೇ ಕನ್ನಡಿಯ ಬದಲು ಬೆಳ್ಳಿ ಹಲಗೆ ಇಡಿ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ, ಮತ್ತೆ ಬಿಡಿಸಿ, ಪ್ಲೈವುಡ್‌ಗೆ ಅಂಟಿಸಿದರೆ ಬೆಳ್ಳಿ ಹಲಗೆ ಸಿದ್ಧ. ಮುದುಡಿದ ಗೆರೆಗಳು ಬೆಳಕನ್ನು ಅಗಲಿಸುತ್ತವೆ.

ಸೂರ್ಯ ಸುಮ್ಮನೆ ನಿಲ್ಲುವುದಿಲ್ಲ. ನಾಲ್ಕು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಸರಿಯುತ್ತಾನೆ. 6 ಮೀಟರ್ ಆಚೆ ಅದು ಹತ್ತು ಸೆಂಟಿಮೀಟರ್. ಸಂಭಾಷಣೆಯ ಒಂದು ಟೇಕ್ ಮುಗಿಸಿ ಮುಂದಿನದಕ್ಕೆ ತಯಾರಾಗುವಷ್ಟರಲ್ಲಿ ಚೌಕ ಥರ್ಮಾಕೋಲ್ ಬಿಟ್ಟು ಗೋಡೆಗೆ ಹೊರಟಿರುತ್ತದೆ. ಆದ್ದರಿಂದ ಕನ್ನಡಿಗೆ ಒಬ್ಬ ಮನುಷ್ಯ ಬೇಕೇ ಬೇಕು, ಬೇರೆ ಯಾವ ಕೆಲಸವನ್ನೂ ಅವನಿಗೆ ಹೇಳಬಾರದು. ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತದೆ ಎಂಬುದನ್ನು ಅವನಿಗೆ ಮೊದಲೇ ತೋರಿಸಿಕೊಡಿ. ಕೈ ಹಗುರವಾಗಿರಬೇಕು. ಥರ್ಮಾಕೋಲ್ ಮೇಲೆ ಚೌಕದ ನಾಲ್ಕು ಮೂಲೆಗೆ ಪೆನ್ಸಿಲ್ ಗುರುತು ಹಾಕಿದರೆ ಪ್ರತಿ ಟೇಕ್‌ಗೂ ಮುನ್ನ ಅಲ್ಲಿಗೇ ತರಬಹುದು.

ಇನ್ನು ಮನೆಯ ಬಣ್ಣಗಳು. ಪೇಟೆಯ ಮನೆಗಳಲ್ಲಿ ದೀಪವನ್ನು ಬಿಳಿ ಸೀಲಿಂಗ್‌ಗೆ ಹೊಡೆದು ಬೆಳಕು ಪಡೆಯುತ್ತಾರೆ. ನಿಮ್ಮಲ್ಲಿ ಮೇಲೆ ಇರುವುದು ಹೆಂಚು, ಹೊಗೆ ಹಿಡಿದ ತೊಲೆ, ಕಪ್ಪಾದ ಮುಚ್ಚಿಗೆ. ಅವು ಬೆಳಕನ್ನು ಕುಡಿದುಬಿಡುತ್ತವೆ, ಏನನ್ನೂ ಮರಳಿಸುವುದಿಲ್ಲ. ಅದನ್ನು ಕೊರತೆ ಎಂದುಕೊಳ್ಳಬೇಡಿ, ಮನೆಯ ಗಾಂಭೀರ್ಯವೆಲ್ಲ ಆ ಕತ್ತಲೆಯಲ್ಲಿಯೇ ಇದೆ. ನೆಲದ ಮೇಲೆ ಮಾತ್ರ ಕಣ್ಣಿಡಿ. ಕೆಂಪು ಗಾರೆಯ ನೆಲಕ್ಕೆ ಬಿಸಿಲು ಬಿದ್ದರೆ ಗಲ್ಲದ ಕೆಳಗೆ, ಮೂಗಿನ ಕೆಳಗೆ ಕೆಂಪು ಬೆಳಕು ಏರುತ್ತದೆ. ಕ್ಯಾಮೆರಾದ ಚೌಕಟ್ಟಿಗೆ ಬಾರದ ಕಡೆ ನೆಲಕ್ಕೆ ಬಿಳಿ ಪಂಚೆ ಹಾಸಿದರೆ ಆ ಕೆಂಪು ಹೋಗಿ ಕಣ್ಣಿನ ಗುಳಿಗೆ ತುಸು ಜೀವ ಬರುತ್ತದೆ.

ಕಪ್ಪಿನ ಬಗ್ಗೆ ನನಗೆ ಬಿಳಿಯಷ್ಟೇ ಪ್ರೀತಿ. ರಿಫ್ಲೆಕ್ಟರ್ ಸಿಕ್ಕಿದವರು ಎಲ್ಲ ನೆರಳನ್ನೂ ತುಂಬಿಸಿಬಿಡುತ್ತಾರೆ, ಮುಖ ದೋಸೆಯಂತೆ ಚಪ್ಪಟೆಯಾಗುತ್ತದೆ. ಸುಣ್ಣದ ಗೋಡೆ ಹತ್ತಿರವಿದ್ದರೆ ನೀವು ಕೇಳದೆಯೇ ಅದು ನೆರಳಿನ ಕೆನ್ನೆಗೆ ಬೆಳಕು ಎರಚುತ್ತಿರುತ್ತದೆ. ಆ ಕಡೆಗೆ, ಮುಖದಿಂದ ಎರಡು ಮೂರು ಅಡಿ ದೂರದಲ್ಲಿ, ಮಳೆಗಾಲದ ಕರಿ ಕಂಬಳಿಯನ್ನು ಹಗ್ಗಕ್ಕೆ ಇಳಿಬಿಡಿ. ಕೆನ್ನೆಯ ಮೂಳೆ, ಮೂಗಿನ ಗೆರೆ, ಅಜ್ಜಿಯ ಮುಖದ ಸುಕ್ಕು ಎಲ್ಲವೂ ಒಮ್ಮೆಗೇ ಎದ್ದು ಬರುತ್ತವೆ. ಕಂಬಳಿ ಇಟ್ಟು ಒಂದು ಶಾಟ್, ತೆಗೆದು ಒಂದು ಶಾಟ್ ತೆಗೆದು ಪಕ್ಕಪಕ್ಕ ನೋಡಿ. ಬೆಳಗಿದ ಕೆನ್ನೆಗಿಂತ ನೆರಳಿನ ಕೆನ್ನೆ ಎರಡು ಸ್ಟಾಪ್ ಕೆಳಗಿರಲಿ ಎಂಬುದು ನನ್ನ ಅಭಿರುಚಿ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ಕಥೆ ಸಂತೋಷದ್ದಾದರೆ ಒಂದು ಸ್ಟಾಪ್ ಸಾಕು.

ಅಡಿಕೆ ತೋಟ ಬೇರೆಯೇ ಸಮಸ್ಯೆ. ಅಲ್ಲಿ ಬೆಳಕು ಸೋಗೆಗಳನ್ನು ಹಾದು, ಬಾಳೆ ಎಲೆಗೂ ಕಾಳುಮೆಣಸಿನ ಬಳ್ಳಿಗೂ ಬಡಿದು ಹಸಿರಾಗಿ ಬರುತ್ತದೆ. ಆ ನೆರಳಿನಲ್ಲಿ ಬಿಳಿ ಥರ್ಮಾಕೋಲ್ ಹಿಡಿದರೆ ಅದು ಹಸಿರನ್ನೇ ಮುಖಕ್ಕೆ ಕಳಿಸುತ್ತದೆ, ಮನುಷ್ಯರು ಜ್ವರ ಬಂದವರಂತೆ ಕಾಣುತ್ತಾರೆ. ತೋಟದ ಅಂಚಿನಲ್ಲಿ, ಗದ್ದೆಯ ಬದುವಿನಲ್ಲೋ ಬಸಿಗಾಲುವೆಯ ಬಳಿಯೋ ನೇರ ಬಿಸಿಲು ಬೀಳುವ ಒಂದು ತಾವು ಇದ್ದೇ ಇರುತ್ತದೆ. ಕನ್ನಡಿ ಅಲ್ಲಿರಲಿ. ಅಡಿಕೆ ಮರಗಳ ಸಾಲಿನ ನಡುವೆ ಬೆಳಕನ್ನು ನಟರ ಬಳಿಯ ಥರ್ಮಾಕೋಲ್‌ಗೆ ಕಳಿಸಿದರೆ ಮುಖಕ್ಕೆ ಬಿಸಿಲಿನ ಶುದ್ಧ ಬಣ್ಣ ಸಿಗುತ್ತದೆ, ಹಿಂದೆ ತೋಟ ಹಸಿರಾಗಿಯೇ ಉಳಿಯುತ್ತದೆ. ಚಿನ್ನದ ಬಣ್ಣದ ರಿಫ್ಲೆಕ್ಟರನ್ನು ಇಲ್ಲಿ ಖಂಡಿತ ಬೇಡ ಎನ್ನುತ್ತೇನೆ. ಹಸಿರಿನ ನಡುವೆ ಆ ಹಳದಿ ಮದುವೆ ಆಲ್ಬಮ್ಮಿನ ಬಣ್ಣವಾಗುತ್ತದೆ. ಸೋಗೆಗಳ ಸಂದಿನಿಂದ ಮುಖದ ಮೇಲೆ ಬೀಳುವ ಬಿಸಿಲಿನ ಚುಕ್ಕೆಗಳು ತೊಂದರೆ ಕೊಟ್ಟರೆ ತೆಳುವಾದ ಬಿಳಿ ಮಲ್ ಬಟ್ಟೆಯನ್ನು ನಾಲ್ಕು ಮರಗಳಿಗೆ ಬಿಗಿದು, ನಟರನ್ನು ಅದರ ಕೆಳಗೆ ನಿಲ್ಲಿಸಿ. ಹಿನ್ನೆಲೆಯ ಚುಕ್ಕೆಗಳನ್ನು ಮುಟ್ಟಬೇಡಿ, ಅವು ಚೆಂದ.

ರಾತ್ರಿಯ ದೃಶ್ಯದಲ್ಲಿ ನಿಮ್ಮ 300 ವಾಟ್ ದೀಪಕ್ಕೆ ಕೆಲಸವಿದೆ. ಕರೆಂಟ್ ಹೋದ ಮನೆಯಲ್ಲಿ ಬೆಳಕು ಲಾಟೀನಿನದು. ಮೇಣದ ಬತ್ತಿಯೊಂದು ಒಂದು ಮೀಟರ್ ದೂರದಲ್ಲಿ ಕೊಡುವುದು ಸುಮಾರು ಒಂದು ಲಕ್ಸ್. ಲಾಟೀನು ಅದಕ್ಕಿಂತ ಚೆನ್ನಾಗಿ ಬೆಳಗಿದರೂ ಅದರ ಬೆಳಕಿನ ಆಳ್ವಿಕೆ ಒಂದೆರಡು ಅಡಿಯಷ್ಟೇ. ಅದಕ್ಕೆ ಸಹಾಯ ಬೇಕು, ಸಹಾಯ ಮಾಡಿದ್ದು ಕಾಣಬಾರದು. ಎಲ್‌ಇಡಿಯನ್ನು ಜಗುಲಿಯಲ್ಲಿಡಿ. ಅದಕ್ಕೆ ಕಿರಣ ಕಿರಿದು ಮಾಡುವ ಫ್ರೆನೆಲ್ ಲೆನ್ಸ್ ಹಾಕಿ, ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ (ಜೆಲ್) ಕಟ್ಟಿ, ಹೆಬ್ಬಾಗಿಲಿನ ಮೂಲಕ ಒಳಗೆ ಬಿಡಿ. ಒಳಗೆ ಕಂಬದ ಮರೆಯಲ್ಲಿ, ಲಾಟೀನು ಇರುವ ದಿಕ್ಕಿನಲ್ಲಿಯೇ, ಪುಸ್ತಕದಷ್ಟು ಅಗಲದ ಬೆಳ್ಳಿ ಹಲಗೆಯೊಂದು ಆ ಕಿರಣದ ತುಂಡನ್ನು ಹಿಡಿದು ಮುಖಕ್ಕೆ ಕೊಡಲಿ. ಉಳಿದ ಕಿರಣ ಕರಿ ಕಂಬಳಿಗೆ ಬಿದ್ದು ಅಲ್ಲಿಯೇ ಮುಗಿಯಲಿ. ಎರಡನೆಯ ನಟಿಗೆ ಇನ್ನೊಂದು ತುಂಡು ಹಲಗೆ, ಅದೇ ಕಿರಣದಿಂದ. ಒಂದೇ ದೀಪ ಇಬ್ಬರಿಗೂ ಆಯಿತು, ಒಳಗೆ ಒಂದು ಸ್ಟ್ಯಾಂಡೂ ಇಲ್ಲ, ವೈರೂ ಇಲ್ಲ. ಲಾಟೀನಿನ ಗಾಜಿನ ಹಿಂದೆ, ಕ್ಯಾಮೆರಾಕ್ಕೆ ಕಾಣದ ಕಡೆ, ಅಲ್ಯೂಮಿನಿಯಂ ಹಾಳೆಯ ಚೂರೊಂದನ್ನು ನಿಲ್ಲಿಸಿದರೆ ಲಾಟೀನಿನ ಸ್ವಂತ ಬೆಳಕೂ ಮುಂದಕ್ಕೆ ಬರುತ್ತದೆ. ಬೆಳಕು ತೀರಾ ನಿಶ್ಚಲವಾಗಿ ಕಂಡರೆ ಹಲಗೆ ಹಿಡಿದವರು ಉಸಿರಾಡುವಷ್ಟು ಅಲುಗಿಸಿದರೆ ಸಾಕು.

ಜನರೇಟರ್ ಬೇಡವೆನ್ನಲು ನನಗೆ ದೊಡ್ಡ ಕಾರಣ ಹಣಕ್ಕಿಂತ ಧ್ವನಿ. ನೀವು ಸ್ಥಳದಲ್ಲಿಯೇ ಮಾತು ಮುದ್ರಿಸುವುದಾದರೆ, ಮಲೆನಾಡಿನ ರಾತ್ರಿಯ ಜೀರುಂಡೆ, ಕಪ್ಪೆ, ಸೂರಿನ ಹನಿ ಎಲ್ಲವನ್ನೂ ಆ ಗುಡುಗುಡು ನುಂಗುತ್ತದೆ. ಜನರೇಟರ್ ಇಲ್ಲದೆ ಮನೆಯ ಕರೆಂಟಿನಲ್ಲಿಯೇ ದೊಡ್ಡ ದೀಪ ಹಚ್ಚಲು ಹೊರಟರೆ 15 ಆಂಪಿಯರ್ ಪಾಯಿಂಟ್ ತಡೆಯುವುದು 3,400 ವಾಟ್ ಸುಮಾರು. 2 ಕಿಲೋವಾಟ್‌ನ ಎರಡು ದೀಪ ಅದಕ್ಕೆ ಹೆಚ್ಚಾಯಿತು, ಹಳೆಯ ವೈರಿಂಗ್ ಅಷ್ಟನ್ನೂ ತಾಳುವುದಿಲ್ಲ. ನಿಮ್ಮ ಎಲ್‌ಇಡಿಗೆ ಒಂದೂವರೆ ಆಂಪಿಯರ್ ಕೂಡ ಬೇಡ. ಇನ್ನೊಂದು ಮಾತು: ನಿಮ್ಮ ಅಜ್ಜಿಯ ಪಾತ್ರ ಮಾಡುವವರು ಬಹುಶಃ ವೃತ್ತಿನಟಿಯಲ್ಲ. ಮುಖದ ಮುಂದೆ ಉರಿಯುವ ದೀಪವಿಲ್ಲದಿದ್ದರೆ ಅವರು ತಮ್ಮ ಮನೆಯಲ್ಲಿ ಕುಳಿತಂತೆ ಕುಳಿತುಕೊಳ್ಳುತ್ತಾರೆ. ಆ ಸಹಜತೆಯನ್ನು ಯಾವ ಬಾಡಿಗೆ ಅಂಗಡಿಯಿಂದಲೂ ತರಲಾಗುವುದಿಲ್ಲ.

ಕೊಳ್ಳುವುದು ಹೆಚ್ಚೇನಿಲ್ಲ. ದಪ್ಪ ಥರ್ಮಾಕೋಲ್ ಹಾಳೆಗಳು ನಾಲ್ಕು, ಒಂದೊಂದರ ಒಂದು ಮುಖಕ್ಕೆ ಕಪ್ಪು ಬಳಿಯಿರಿ. ನೀರಿನಲ್ಲಿ ಕಲಸುವ ಬಣ್ಣವನ್ನೇ ಬಳಸಿ. ಆಯಿಲ್ ಪೇಂಟ್, ಸ್ಪ್ರೇ ಪೇಂಟ್ ತಾಗಿದರೆ ಥರ್ಮಾಕೋಲ್ ಕರಗಿ ಗುಳಿ ಬೀಳುತ್ತದೆ. ಎರಡು ಕನ್ನಡಿಗಳನ್ನು ಪ್ಲೈವುಡ್‌ಗೆ ಕೂರಿಸಿ. ಹಿಂಬದಿಗೆ ಮೊದಲೇ ಅಗಲ ಟೇಪ್ ಅಂಟಿಸಿದರೆ ಒಡೆದರೂ ಚೂರು ಸಿಡಿಯುವುದಿಲ್ಲ. ಸ್ಟ್ಯಾಂಡಿನ ಕಾಲಿಗೆ ಮರಳು ಚೀಲ ಇರಲಿ, ಥರ್ಮಾಕೋಲ್‌ಗೆ ಗಾಳಿಯೇ ಶತ್ರು. ಬಿಡುವಿನಲ್ಲಿ ಕನ್ನಡಿಯನ್ನು ಗೋಣಿ ಹೊದಿಸಿ ಮಲಗಿಸಿ. ಬಿಸಿಲಿಗೆ ಮುಖ ಮಾಡಿ ಬಿಟ್ಟುಹೋದರೆ ಯಾರದ್ದಾದರೂ ಕಣ್ಣಿಗೆ ಹೊಡೆಯುತ್ತದೆ. ಗಡ್ಡ ಕೆರೆಯುವ ಗುಳಿಗನ್ನಡಿಯನ್ನಂತೂ ಹತ್ತಿರ ತರಬೇಡಿ. ಅದು ಬಿಸಿಲನ್ನು ಒಂದೇ ಬಿಂದುವಿಗೆ ಸೇರಿಸುತ್ತದೆ, ಅಂಗಳದಲ್ಲಿ ಒಣಗಿದ ಅಡಿಕೆ ಸಿಪ್ಪೆಗೋ ಹುಲ್ಲಿಗೋ ಬೆಂಕಿ ಹತ್ತಬಹುದು.

ಮಳೆಗಾಲಕ್ಕೆ ಮಾತ್ರ ಈ ಉತ್ತರ ಹೊಂದುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಆ ತಿಂಗಳುಗಳಲ್ಲಿ ಕನ್ನಡಿಗೆ ತಿರುಗಿಸಲು ಏನೂ ಇರುವುದಿಲ್ಲ. ಮೋಡದ ಬೆಳಕು ಆಕಾಶದ ಎಲ್ಲ ಕಡೆಯಿಂದ ಬರುತ್ತದೆ, ಅದನ್ನು ಕಿರಣವಾಗಿ ಹಿಡಿಯಲಾಗದು. ಆಗ ಚಿತ್ರೀಕರಿಸಲೇಬೇಕಾದರೆ ಮೊದಲ ಗೆಳೆಯನ ಮಾತಿನ ಆರನೇ ಒಂದು ಭಾಗ ಕೇಳಿ: ಒಂದೇ ಒಂದು 1.2 ಕಿಲೋವಾಟ್ ಎಚ್‌ಎಂಐ ದೀಪವನ್ನು (ಹಗಲಿನ ಬಣ್ಣದ ಪ್ರಬಲ ಬೆಳಕು ಕೊಡುವಂಥದ್ದು) ಬಾಡಿಗೆಗೆ ತಂದು ಸೂರಿನಡಿ ಇಟ್ಟು, ಅದನ್ನೇ ಸೂರ್ಯ ಮಾಡಿಕೊಂಡು ಕನ್ನಡಿ, ಥರ್ಮಾಕೋಲ್ ಎಲ್ಲವನ್ನೂ ಮೇಲೆ ಹೇಳಿದಂತೆಯೇ ಜೋಡಿಸಿ. ಜನವರಿಯಲ್ಲಿಯೂ ಒಂದು ದಿನ ಮೋಡ ಕವಿಯಬಹುದು. ಆ ದಿನಕ್ಕಾಗಿ ಲಾಟೀನಿನ ದೃಶ್ಯವನ್ನು ಕಾದಿರಿಸಿ. ತೊಟ್ಟಿಯ ಮೇಲೆ ಟಾರ್ಪಾಲ್ ಎಳೆದು, ಕಿಟಕಿಗಳಿಗೆ ಕಂಬಳಿ ಕಟ್ಟಿ, ಮಧ್ಯಾಹ್ನ ಹನ್ನೆರಡಕ್ಕೇ ನಿಮ್ಮ ರಾತ್ರಿಯನ್ನು ಶುರು ಮಾಡಿಕೊಳ್ಳಬಹುದು.